ಕಷ್ಟಕ್ಕೆ ಬೇರೆ ಚಾರ್ಜು

ಡೊಂಬಿವಲಿ ಪೂರ್ವದ ‘ನ್ಯೂ ಪದ್ಮತೀರ್ಥ’ ಹೋಟೆಲಿನ ಮಾಲಕ ಹೃಷೀಕೇಶ ರಾಯರಿಗೆ ಅರುವತ್ತೊಂದನೆಯ ವಯಸ್ಸಿನಲ್ಲಿ ಒಂದು ಪುಸ್ತಕ ಬೇಕೆನಿಸಿತು. ಓದುವುದಕ್ಕಲ್ಲ, ಆ ಚಟ ಅವರಿಗೆ ಯಾವ ಕಾಲಕ್ಕೂ ಇರಲಿಲ್ಲ. ಮೇಲೆ ತಮ್ಮ ಫೋಟೋ, ಒಳಗೆ ತಮ್ಮ ಜೀವನ, ಕೆಳಗೆ ತಮ್ಮ ಹೆಸರು ಇರುವಂಥ ಒಂದು ಪುಸ್ತಕ ಅವರಿಗೆ ಬೇಕಾಗಿತ್ತು.

ಇದಕ್ಕೆಲ್ಲ ಕಾರಣ ಕಲ್ಯಾಣದ ಗುಣಪಾಲ ಶೆಟ್ಟರು. ಶೆಟ್ಟರಿಗೂ ಒಂದು ಶಾಕಾಹಾರಿ ಹೋಟೆಲು, ಅದು ಸಾಲದೆಂದು ಹೋಟೆಲ್ ಮಾಲಕರ ಬಳಗದ ಅಧ್ಯಕ್ಷಗಿರಿ, ಅದೂ ಸಾಲದೆಂದು ಕಳೆದ ಜನವರಿಯಲ್ಲಿ ಒಂದು ಆತ್ಮಕಥೆ. ‘ಕಪ್ಪುಬಸಿಯಿಂದ ಕಲ್ಯಾಣದವರೆಗೆ’ ಎಂದು ಅದರ ಹೆಸರು. ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅದರ ಬಿಡುಗಡೆ ಆಯಿತು. ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದ ಹುಡುಗನೊಬ್ಬ ಹೋಟೆಲಿನ ಹಿಂಬದಿಯ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕಪ್ಪುಬಸಿ ತೊಳೆಯುವ ಅಧ್ಯಾಯವನ್ನು ಶೆಟ್ಟರು ತಾವೇ ಓದಿದಾಗ ಮಹಿಳಾ ವಿಭಾಗ ಸೆರಗಿನಿಂದ ಕಣ್ಣೊರೆಸಿಕೊಂಡಿತು. ಮೂರನೆಯ ಸಾಲಿನಲ್ಲಿದ್ದ ರಾಯರ ಹೆಂಡತಿ ವೇದಾವತಿಯವರೂ ಒರೆಸಿಕೊಂಡರು. ರಾಯರಿಗೆ ಮೈಯೆಲ್ಲ ಉರಿಯಿತು.

“ನೀನ್ಯಾಕೆ ಅಳುದು?”

“ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ ನೋಡಿ.”

“ಕಷ್ಟವಾ? ಅವ ಬಿ.ಕಾಂ. ಮುಗಿಸಿ, ಸಫಾರಿ ಸೂಟು ಹಾಕಿಕೊಂಡು ಬಂದು, ಸೀದಾ ಮಾವನ ಹೋಟೆಲಿನ ಗಲ್ಲೆಯಲ್ಲಿ ದುಡ್ಡೆಣಿಸಲು ಕೂತವ! ಕಣ್ಣಾರೆ ಕಂಡಿದ್ದೇನೆ ನಾನು.”

“ನಿಮಗೆ ಹೊಟ್ಟೆಕಿಚ್ಚು.”

“ಮುಂಬ್ರಾದ ಕ್ಯಾಂಟೀನಿನಲ್ಲಿ ನಾಲ್ಕು ವರ್ಷ ಕಪ್ಪುಬಸಿ ತೊಳೆದವ ನಾನು! ನನಗೆ ಯಾರು ಅತ್ತಿದ್ದಾರೆ?”

“ನೀವು ಬರೀಲಿಲ್ಲವಲ್ಲ,” ಎಂದು ವೇದಾವತಿ ಮತ್ತೆ ಸೆರಗು ಎತ್ತಿಕೊಂಡರು.

ನ್ಯಾಯವಾಗಿ ನೋಡಿದರೆ ಇದು ಅನ್ಯಾಯ. ತೊಳೆದವನು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು, ತೊಳೆಯದವನು ವೇದಿಕೆಯಲ್ಲಿ ಶಾಲು ಹೊದೆಯಬೇಕು. ಆದರೆ ಹೆಂಡತಿ ಹೇಳಿದ್ದರಲ್ಲಿ ಒಂದು ಮಾತು ಸರಿಯಿತ್ತು, ಬರೆದವನದೇ ಕಷ್ಟ. ಮನೆಗೆ ಹೋದವರೇ ರಾಯರು ಸಂಘದ ಕಾರ್ಯದರ್ಶಿಗೆ ಫೋನು ಮಾಡಿ, “ನಾನೂ ಬರೀತಾ ಇದ್ದೇನೆ. ಬರುವ ಜನವರಿಯಲ್ಲಿ ಬಿಡುಗಡೆ ಇಟ್ಟುಬಿಡಿ,” ಎಂದು ಹೇಳಿಬಿಟ್ಟರು. “ಸ್ವತಃ ನೀವೇ ಬರೆಯುದಾ?” ಎಂದು ಕಾರ್ಯದರ್ಶಿ ಕೇಳಿದ. “ಮತ್ತೆ? ನನ್ನ ಜೀವನವನ್ನು ನೆರೆಮನೆಯವ ಬರೀತಾನಾ?” ಎಂದರು ರಾಯರು. ಈ ಮಾತನ್ನು ಕಾರ್ಯದರ್ಶಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಮುಂದೆ ಐದು ಕೈಮುಗಿಯುವ ಚಿತ್ರಗಳನ್ನೂ ಇಟ್ಟ.

ಹನ್ನೊಂದು ದಿನ ರಾಯರು ಬರೆದರು. ‘ನಾನು ಉಡುಪಿಯ ಸಮೀಪ ಹುಟ್ಟಿದೆ’ ಎಂಬ ಮೊದಲನೆಯ ವಾಕ್ಯ ಚೆನ್ನಾಗಿ ಬಂತು. ಎರಡನೆಯ ಸಾಲಿಗೆ ಬರುವಾಗ ನಲವತ್ತು ವರ್ಷದ ಅಭ್ಯಾಸ ಪೆನ್ನನ್ನು ಎಳೆದುಕೊಂಡು ಹೋಗಿ ‘ಉದ್ದಿನಬೇಳೆ ಐವತ್ತು ಕಿಲೋ, ಬ್ಯಾಡಗಿ ಮೆಣಸು ಹತ್ತು’ ಎಂದು ಬರೆಸಿತು. ಹನ್ನೊಂದು ದಿನವೂ ಹಾಗೆಯೇ ಆಯಿತು. ರಾಯರ ಜೀವನ ಹುಟ್ಟಿನಿಂದ ನೇರವಾಗಿ ದಿನಸಿ ಪಟ್ಟಿಗೆ ಹಾರುತ್ತಿತ್ತು.

ಹನ್ನೆರಡನೆಯ ದಿನ ಥಾಣೆಗೆ ಹೋಗುವ ಲೋಕಲ್‌ನಲ್ಲಿ ಅವರಿಗೆ ದಾರಿ ಕಂಡಿತು. ಬಾಗಿಲ ಬಳಿ, ಸಾಲ ಕೊಡುವವರ ಮತ್ತು ಮೂಲವ್ಯಾಧಿ ವಾಸಿ ಮಾಡುವವರ ಚೀಟಿಗಳ ನಡುವೆ, ಇನ್ನೊಂದು ಚೀಟಿ ಅಂಟಿಸಿತ್ತು: ‘ನಿಮ್ಮ ಜೀವನ, ನಿಮ್ಮ ಹೆಸರು, ನಮ್ಮ ಬರವಣಿಗೆ. ಎಲ್ಲ ಭಾಷೆಗಳಲ್ಲಿ. ಪೂರ್ಣ ಗುಟ್ಟು.’ ಕೆಳಗೆ ವಾಶಿಯ ವಿಳಾಸವಿತ್ತು. ರಾಯರು ಸುತ್ತಮುತ್ತ ನೋಡಿ, ಮೂಲವ್ಯಾಧಿಯ ಚೀಟಿ ಓದುವವರ ಹಾಗೆ ಮುಖ ಮಾಡಿಕೊಂಡು, ನಂಬರು ಬರೆದುಕೊಂಡರು.

ವಾಶಿಯ ‘ಅಂತರಂಗ ಸರ್ವಿಸಸ್’ ಎಂಬ ಆ ಆಫೀಸಿನಲ್ಲಿ ಅನುಷ್ಕಾ ಎಂಬ ಹುಡುಗಿ ಅವರನ್ನು ಕೂರಿಸಿದಳು. ಅವಳ ಅಪ್ಪ ಕಾರ್ಕಳದವರಂತೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಹಿಂದಿಯೇ ಬರುತ್ತದೆ. ಅವಳು ರೇಟ್ ಕಾರ್ಡು ಮುಂದಿಟ್ಟಳು. ಪುಟಕ್ಕೆ ಸಾವಿರ ರೂಪಾಯಿ. ಇನ್ನೂರನಲವತ್ತು ಪುಟಕ್ಕೆ ಎರಡು ಲಕ್ಷ ನಲವತ್ತು ಸಾವಿರ, ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ.

ರಾಯರು ದೊಡ್ಡ ಲೆಕ್ಕವನ್ನು ರೂಪಾಯಿಯಲ್ಲಿ ಹಾಕುವವರಲ್ಲ, ಮಸಾಲೆ ದೋಸೆಯಲ್ಲಿ ಹಾಕುವವರು. ದೋಸೆಗೆ ಎಂಬತ್ತರಂತೆ ಮೂರು ಸಾವಿರ ದೋಸೆ ಬರೆಯುವವನಿಗೆ, ಐನೂರನಲವತ್ತು ದೋಸೆ ಸರಕಾರಕ್ಕೆ. ಅಷ್ಟು ದೋಸೆ ಹುಯ್ಯುವುದಕ್ಕೆ ಎಷ್ಟು ದಿನ ಕಾವಲಿಯ ಮುಂದೆ ಬೇಯಬೇಕೆಂದು ಇವರಿಗೆ ಗೊತ್ತುಂಟಾ? ಅವರ ಕಣ್ಣು ಕಾರ್ಡಿನ ಕೆಳಗಿಳಿದು ಒಂದು ಕಡೆ ನಿಂತೇಬಿಟ್ಟಿತು.

“ಇದೆಂತದು? ಕಷ್ಟಕ್ಕೆ ಬೇರೆ ಚಾರ್ಜಾ? ಒಂದು ಲಕ್ಷ ಇಪ್ಪತ್ತು ಸಾವಿರವಾ?”

“ಜೀ ಅಂಕಲ್. ಸ್ಟ್ರಗಲ್ ಪ್ಯಾಕೇಜ್. ಬಹುತ್ ಲೋಗೋಂ ಕಾ ಸ್ಟ್ರಗಲ್ ಹೋತಾ ಹೀ ನಹೀ. ಹಮ್ ಡಾಲ್ ಕೇ ದೇತೇ ಹೈಂ.”

“ಕಷ್ಟ ಇಲ್ಲದವರಿಗೆ ನೀವು ಹಾಕಿ ಕೊಡುದಾ?”

“ಹಾಂ. ಭೂಕ್, ಬಾರಿಶ್, ನೈಟ್ ಸ್ಕೂಲ್, ಸಬ್ ಕುಛ್.”

“ಹಸಿವು, ಮಳೆ ಎಲ್ಲ ನನ್ನಲ್ಲೇ ಉಂಟು. ನನ್ನದು ಸ್ವಂತ ಕಷ್ಟ ಮಗಾ! ಅಸಲಿ ಮಾಲು. ಗಿರಾಕಿ ಮನೆಯಿಂದ ತೆಂಗಿನಕಾಯಿ ತಂದು ಕೊಟ್ಟರೆ ನಾನು ಚಟ್ನಿಗೆ ದುಡ್ಡು ತಗೊಳ್ತೇನಾ? ಕಷ್ಟ ನಾನು ತಂದಿದ್ದೇನೆ, ನೀವು ಕಡಿಮೆ ಮಾಡಬೇಕು.”

“ಓನ್ ಸ್ಟ್ರಗಲ್ ಹೈ ತೋ ಪ್ಯಾಕೇಜ್ ಮತ್ ಲೋ ಅಂಕಲ್. ಡಿಸ್ಕೌಂಟ್ ನಹೀ ಮಿಲೇಗಾ.”

ಲೋಕದ ವ್ಯವಹಾರ ಹೇಗಿದೆ ನೋಡಿ. ಪಡದ ಕಷ್ಟಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಬೆಲೆ. ಪಟ್ಟವನಿಗೆ ನೂರು ರೂಪಾಯಿ ಸೋಡಿಯೂ ಇಲ್ಲ. ರಾಯರು ಒಂದೂಕಾಲು ಗಂಟೆ ಚರ್ಚೆ ಮಾಡಿದರು. ಇನ್ನೂರನಲವತ್ತರಲ್ಲಿ ಹತ್ತು ಪುಟ ಕೊಸರು ಕೇಳಿದರು, ಸಿಗಲಿಲ್ಲ. ಕಡೆಗೆ ಕಷ್ಟದ ಪ್ಯಾಕೇಜು ಬೇಡವೆಂದು ಬಿಟ್ಟು, ಮೂರು ಕಂತಿನಲ್ಲಿ ಚೆಕ್ಕು ಕೊಡುವುದೆಂದು ಸಹಿ ಹಾಕಿದರು. ಒಪ್ಪಂದದ ಕೊನೆಯಲ್ಲಿ ಒಂದು ಕಲಮು ಇತ್ತು: ಬರೆಯುವವನು ತಾನು ಬರೆಯುತ್ತಿದ್ದೇನೆಂದು ಯಾರಲ್ಲಿಯೂ ಬಾಯಿ ಬಿಡತಕ್ಕದ್ದಲ್ಲ, ಬಿಟ್ಟರೆ ಕೆಲಸ ಹೋಗುತ್ತದೆ. ಈ ಕಲಮನ್ನು ಮಾತ್ರ ರಾಯರು ಎರಡು ಸಲ ಓದಿ ಸಂತೋಷಪಟ್ಟರು.

ಮುಂದಿನ ಸೋಮವಾರ ಬದಲಾಪುರದಿಂದ ಕಶ್ಯಪ ಕುಲಕರ್ಣಿ ಎಂಬವನು ಬಂದ. ಮೂಲ ಧಾರವಾಡ ಕಡೆಯವನು, ಮೂವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಬ್ಯಾಗು, ದಪ್ಪ ನೋಟ್‌ಬುಕ್ಕು, ಕೊರಳಲ್ಲೊಂದು ಕಾರ್ಡು. ಕೆಲಸ ಗುಟ್ಟಿನದಾದ್ದರಿಂದ ಕಾರ್ಡಿನಲ್ಲಿ ಸಂಸ್ಥೆಯ ಹೆಸರಿರಲಿಲ್ಲ, ಬರೀ ಫೋಟೋ ಮತ್ತು ನಂಬರು. ಅವನು ಹೋಗಿ ಏಳನೆಯ ನಂಬರಿನ ಮೇಜಿನಲ್ಲಿ ಕೂತ.

ತಪ್ಪಾದದ್ದು ಅಲ್ಲಿಯೇ. ಏಳನೆಯ ಮೇಜು ಅಡುಗೆಮನೆಯ ಬಾಗಿಲಿಗೆ ಎದುರು. ಹೊಗೆ, ಸೆಕೆ, ಸಪ್ಲೈಯರುಗಳ ಓಡಾಟ. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಸ್ವಂತ ಇಷ್ಟದಿಂದ ಅಲ್ಲಿ ಕೂತದ್ದಿಲ್ಲ. ಕೂರುವವರು ಅಡುಗೆಮನೆಯ ತಪಾಸಣೆಗೆ ಬರುವ ಅಧಿಕಾರಿಗಳು ಮಾತ್ರ.

ಮ್ಯಾನೇಜರ್ ಮಾಪಣ್ಣ ಹೋಟೆಲು ತೆರೆದ ದಿನದಿಂದ ಇದ್ದವನು, ಅಧಿಕಾರಿಗಳನ್ನು ವಾಸನೆಯಿಂದಲೇ ಗುರುತಿಸುವವನು. ಅವನು ತಾನೇ ಹೋಗಿ ಒಂದು ಸ್ಪೆಷಲ್ ಚಾ, ಒಂದು ಪ್ಲೇಟು ಗೋಳಿಬಜೆ ಇಟ್ಟ. ಬಂದ ವ್ಯಕ್ತಿ ಚಾ ಕುಡಿದು, ಗೋಳಿಬಜೆ ತಿಂದು, ಗಲ್ಲೆಗೆ ಬಂದು ದುಡ್ಡು ಕೊಟ್ಟ. ಮಾಪಣ್ಣ ಆ ನೋಟನ್ನು ಎರಡು ಸಲ ತಿರುಗಿಸಿ ನೋಡಿದ. ಚಾದ ದುಡ್ಡು ಕೊಡುವ ಅಧಿಕಾರಿಯೆಂದರೆ ಮೇಲಿನಿಂದ ಬಂದವನೇ ಸರಿ.

“ನೀವಽ ಏನ್ರೀ ಮಾಪಣ್ಣ ಅಂದ್ರ?” ಕಶ್ಯಪ ನೋಟ್‌ಬುಕ್ಕು ಬಿಚ್ಚಿದ. “ಮೊದಲಿಂದನೂ ಇದ್ದೀರಂತ. ಶುರುವಿನಾಗ ರಾಯರು ಏನೇನ್ ತಪ್ಪು ಮಾಡಿದ್ರು, ಒಂದೊಂದಽ ಹೇಳ್ರಿ. ಅದ ಭಾಳ ಮುಖ್ಯ ಐತಿ.”

“ತಪ್ಪಾ? ನಮ್ಮ ಧಣಿಗಳಾ? ಒಂದೂ ಇಲ್ಲ ಸಾರ್.”

“ಹಂಗ ಹೇಳಬ್ಯಾಡ್ರಿ. ಎಲ್ಲಾ ನನ್ನ ಮುಂದ ಹೇಳಿಬಿಡ್ರಿ. ಒಂದು ದಿನಕ್ಕ ಎಷ್ಟು ದ್ವಾಶಿ ಹೋಗತಾವ್ರೀ ನಿಮ್ಮಲ್ಲಿ?”

ಮಾಪಣ್ಣ ಎಲ್ಲ ಅಧಿಕಾರಿಗಳಿಗೂ ಹೇಳುವ ಸಂಖ್ಯೆಯನ್ನೇ ಹೇಳಿದ: “ನಲವತ್ತು.” ಅವನ ಹಿಂದೆ ಕಾವಲಿಯ ಮೇಲೆ ಒಂದೇ ಸಲಕ್ಕೆ ಹನ್ನೆರಡು ದೋಸೆ ಚುಯ್ಯೆನ್ನುತ್ತಿತ್ತು. ಕಶ್ಯಪ ಅದನ್ನೂ ನೋಡಿ, ಇವನನ್ನೂ ನೋಡಿ, ಏನೋ ಬರೆದುಕೊಂಡ.

ಮಾಪಣ್ಣ ಓಡಿ ಬಂದು ಧಣಿಯ ಕಿವಿಯಲ್ಲಿ, “ಯಾರು ಧಣಿ ಅದು?” ಎಂದ.

ರಾಯರು ಏನು ಹೇಳಿಯಾರು? ಅತ್ತಿತ್ತ ನೋಡಿ, “ನಮ್ಮ ಪರಿಚಯದವರು. ಕೇಳಿದ್ದು ಹೇಳು. ಹೆಚ್ಚು ಮಾತು ಬೇಡ,” ಎಂದರು. ಹೋಟೆಲ್ ದಂಧೆಯಲ್ಲಿ ‘ನಮ್ಮ ಪರಿಚಯದವರು’ ಎಂದರೆ ಯಾರೆಂದು ಹೊಸ ಸಪ್ಲೈಯರಿಗೂ ಗೊತ್ತು. ಮಾಪಣ್ಣ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದ.

ಮರುದಿನ ನ್ಯೂ ಪದ್ಮತೀರ್ಥದ ಅಡುಗೆಯವರ ತಲೆಯ ಮೇಲೆ ಬಿಳಿ ಟೋಪಿ ಬಂತು. ಹಿತ್ತಿಲಿನ ಹೆಚ್ಚುವರಿ ಸಿಲಿಂಡರುಗಳು ಮಾಯವಾದವು. ಮಾಪಣ್ಣ ಸುತ್ತಮುತ್ತಲಿನವರಿಗೆಲ್ಲ ಸೂಚನೆ ಕೊಟ್ಟದ್ದರಿಂದ ಪಕ್ಕದ ಜ್ಯೂಸಿನವನು ಫುಟ್‌ಪಾತಿನ ಮೇಜುಗಳನ್ನು ಒಳಗೆಳೆದುಕೊಂಡ. ಎದುರಿನ ಮಿಠಾಯಿಯವನು ‘ಮದುವೆ ನಿಮಿತ್ತ ರಜೆ’ ಎಂದು ಬೋರ್ಡು ಹಾಕಿ, ಯಾರ ಮದುವೆಯೆಂದು ಹೇಳದೆ ಊರು ಬಿಟ್ಟ. ಮಹಡಿಯ ಮೇಲಿನ ಮನೆಯಿಂದ ಇಳಿದು ಬಂದ ವೇದಾವತಿಯವರು, “ಇಷ್ಟು ವರ್ಷದಲ್ಲಿ ನಮ್ಮ ಅಡುಗೆಮನೆಯ ನೆಲದ ಬಣ್ಣ ಯಾವುದು ಅಂತ ಇವತ್ತು ಗೊತ್ತಾಯ್ತು,” ಎಂದರು. ರಾಯರಿಗೆ ಇದೊಂದೂ ಕಾಣಲಿಲ್ಲ. ಅವರು ಬೇರೆ ಲೋಕದಲ್ಲಿದ್ದರು.

ಏಕೆಂದರೆ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಹಿಂದಿನ ಗೋದಾಮಿನಲ್ಲಿ, ಈರುಳ್ಳಿ ಚೀಲಗಳ ನಡುವೆ ಕೂತು, ಅವರು ಕಶ್ಯಪನಿಗೆ ತಮ್ಮ ಕಥೆ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ಕೇಳದ್ದು ಆ ಕಥೆ. ಮುಂಬ್ರಾದ ಕ್ಯಾಂಟೀನು ಎಂದು ಬಾಯಿ ತೆಗೆದರೆ ವೇದಾವತಿ, “ಹೌದು, ಗೊತ್ತುಂಟು,” ಎಂದು ಟೀವಿ ಹಾಕುತ್ತಿದ್ದರು. ಈ ಹುಡುಗ ಮಾತ್ರ ಪೆನ್ನು ಹಿಡಿದು, “ಆಮ್ಯಾಲೇನಾತ್ರಿ?” ಎನ್ನುತ್ತಿದ್ದ. ಎರಡನೆಯ ವಾರ ಅವನು ಮೊದಲ ಅಧ್ಯಾಯ ಓದಿ ಹೇಳಿದ. ಪಾತ್ರೆ ತೊಳೆಯುವ ಸೋಡಾಪುಡಿಗೆ ಒಡೆದ ಬೆರಳುಗಳಿಗೆ ಕ್ಯಾಂಟೀನಿನ ಹುಡುಗ ಅಡುಗೆ ಭಟ್ಟರ ಕಣ್ಣು ತಪ್ಪಿಸಿ ತೆಂಗಿನೆಣ್ಣೆ ಹಚ್ಚುತ್ತಿದ್ದದ್ದು, ಊರಿಗೆ ಬರೆಯುವ ಕಾರ್ಡಿನಲ್ಲಿ ಅಮ್ಮನಿಗೆ ‘ನಾನು ಗಲ್ಲೆಯಲ್ಲಿ ಕೂರುತ್ತೇನೆ’ ಎಂದು ಸುಳ್ಳು ಬರೆದದ್ದು, ಎಲ್ಲ ಅದರಲ್ಲಿತ್ತು. ರಾಯರು ಈರುಳ್ಳಿ ಚೀಲದ ಕಡೆ ಮುಖ ತಿರುಗಿಸಿದರು. ಕಣ್ಣಲ್ಲಿ ಬಂದದ್ದಕ್ಕೆ ಈರುಳ್ಳಿಯ ಮೇಲೆ ತಪ್ಪು ಹಾಕುವ ಅನುಕೂಲವೂ ಇತ್ತು.

“ಈ ಪುಟಕ್ಕೆ ಸಾವಿರ ಹೆಚ್ಚಾಗಲಿಲ್ಲ,” ಎಂದರು ಕಡೆಗೆ.

ಜೀವಮಾನದಲ್ಲಿ ಅವರು ಯಾವ ಬಿಲ್ಲಿನ ಬಗ್ಗೆಯೂ ಇಂಥ ಮಾತು ಆಡಿದವರಲ್ಲ.

“ಹಿಂದಿನ ಗಿರಾಕಿ ಹಿಂಗ ಎದುರು ಕುಂತು ಹೇಳಲೇ ಇಲ್ರೀ,” ಎಂದ ಕಶ್ಯಪ. “ಕಾರಿನ್ಯಾಗ ಕುಂತು ಮೊಬೈಲಿನ್ಯಾಗ ವಾಯ್ಸ್ ಮೆಸೇಜ್ ಕಳಸ್ತಿದ್ರು. ಮಾರಿ ಸುದ್ದಾ ನೋಡಿಲ್ಲ ನಾನು.”

“ಎಂಥೆಂಥ ಜನ ಇರ್ತಾರೆ ಮಾರಾಯ,” ಎಂದು ರಾಯರು ನಿಟ್ಟುಸಿರು ಬಿಟ್ಟರು.

ಮೂರನೆಯ ವಾರ ಗುಣಪಾಲ ಶೆಟ್ಟರ ಕಾರು ಬಂದು ಬಾಗಿಲಲ್ಲಿ ನಿಂತಿತು. ಡೊಂಬಿವಲಿಯಲ್ಲಿ ಭಾರೀ ಅಧಿಕಾರಿಯೊಬ್ಬ ಠಿಕಾಣಿ ಹೂಡಿ ಕೂತಿದ್ದಾನೆಂಬ ಸುದ್ದಿ ಅಷ್ಟರೊಳಗೆ ಥಾಣೆಯ ಕೋಪರಿಯವರೆಗೂ ಮುಟ್ಟಿತ್ತು. ಬಳಗದ ಅಧ್ಯಕ್ಷರಿಗೆ ಸುಮ್ಮನಿರಲಾದೀತೇ? ಅವರು ರಾಯರನ್ನು ಮೂಲೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

“ರಾಯ್ರೇ, ನಿಮ್ಮಲ್ಲಿಗೆ ಒಬ್ಬರು ಬರ್ತಾರಂತೆ. ನನ್ನತ್ರ ಮುಚ್ಚಿಡ್ಬೇಡಿ. ಎಲ್ಲ ಗೊತ್ತುಂಟು ನನಗೆ.”

ರಾಯರ ಮುಖ ಬಿಳಿಚಿತು. ಗುಟ್ಟು ರಟ್ಟಾಯಿತು! ಅದೂ ಯಾರ ಹತ್ತಿರ! “ನೀವು... ಯಾರಿಗೂ ಹೇಳ್ಬೇಡಿ ಶೆಟ್ರೇ. ಮಾನದ ಪ್ರಶ್ನೆ.”

“ಛೆ, ಛೆ. ನಾವೆಲ್ಲ ಒಂದೇ ದಂಧೆಯವರು. ಯಾರು ಮಾಡ್ಸುದಿಲ್ಲ ಹೇಳಿ? ಎಷ್ಟಕ್ಕೆ ಆಯ್ತು?”

“ಎರಡು ನಲವತ್ತು.”

“ಸಾವಿರವಾ?”

“ಲಕ್ಷ.”

ಶೆಟ್ಟರು ಕುರ್ಚಿ ಹಿಡಿದುಕೊಂಡರು. “ದೇವೆರೇ! ಒಂದು ಹೋಟೆಲಿಗಾ? ಕಡಿಮೆ ಮಾಡ್ಲಿಲ್ವಾ?”

“ಒಂದೂಕಾಲು ಗಂಟೆ ಚರ್ಚೆ ಮಾಡಿದೆ. ಒಂದು ಪೈಸೆ ಬಿಡ್ಲಿಲ್ಲ. ಅವರದ್ದು ಫಿಕ್ಸ್ ರೇಟು. ಕಾರ್ಡು ಪ್ರಿಂಟ್ ಮಾಡಿ ಇಟ್ಟಿದ್ದಾರೆ.”

“ಕಾರ್ಡು ಪ್ರಿಂಟು!” ಶೆಟ್ಟರ ಕಣ್ಣು ಅಗಲವಾಯಿತು. “ಕ್ಯಾಶಾ?”

“ಕ್ಯಾಶ್ ಮುಟ್ಟುದಿಲ್ಲ ಅವರು. ಚೆಕ್ಕು. ಮೂರು ಕಂತು.”

“ಚೆಕ್ಕಿನಲ್ಲಿ ತಗೊಳ್ತಾರಾ?”

“ರಸೀದಿಯೂ ಕೊಡ್ತಾರೆ. ಮತ್ತೆ ಮೇಲಿಂದ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ.”

ಗುಣಪಾಲ ಶೆಟ್ಟರು ಕುರ್ಚಿಯಲ್ಲಿ ಕೂತೇಬಿಟ್ಟರು. ಅವರು ನಲವತ್ತು ವರ್ಷದಲ್ಲಿ ಬಗೆಬಗೆಯ ಕೈಗಳಿಗೆ ಬಗೆಬಗೆಯ ಲಕೋಟೆ ಕೊಟ್ಟವರು. ಯಾರೂ ಲಂಚದ ಮೇಲೆ ತೆರಿಗೆ ಕೇಳಿರಲಿಲ್ಲ. “ಇದು ಅತಿಯಾಯ್ತು,” ಎಂದರು. “ಇದನ್ನು ಬಿಡ್ಲಿಕ್ಕಿಲ್ಲ. ಎರಡನೇ ಕಂತು ಯಾವಾಗ?”

“ಶುಕ್ರವಾರ ನಾಲ್ಕು ಗಂಟೆಗೆ,” ಎಂದರು ರಾಯರು. ಶೆಟ್ಟರ ಸಹಾನುಭೂತಿ ಕಂಡು ಅವರ ಹೃದಯ ತುಂಬಿ ಬಂದಿತ್ತು. ಮನುಷ್ಯ ತಾನಂದುಕೊಂಡಷ್ಟು ಕೆಟ್ಟವನಲ್ಲ ಎಂದುಕೊಂಡು ಅವರು ಶೆಟ್ಟರಿಗೆ ಒಂದು ಕಿಲೋ ಮೈಸೂರುಪಾಕು ಕಟ್ಟಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಗುರುವಾರ ಬಳಗದ ತುರ್ತು ಸಭೆ ಸೇರಿತು. ರಾಯರು ಹೆದರಿಯಾರೆಂದು ಅವರಿಗೆ ತಿಳಿಸಲಿಲ್ಲ. ಇಷ್ಟು ಕೋಪದ ಸಭೆಯನ್ನು ಬಳಗ ಹಿಂದೆ ಕಂಡಿರಲಿಲ್ಲ. ‘ಈ ಸಭೆಯು ಕೊಡುವುದನ್ನು ಕೊಡುತ್ತಲೇ ಬಂದಿದೆ, ಮುಂದೆಯೂ ಕೊಡುತ್ತದೆ, ಆದರೆ ಅದರ ಮೇಲೆ ತೆರಿಗೆ ಹೇರುವುದನ್ನು ಉಗ್ರವಾಗಿ ಖಂಡಿಸುತ್ತದೆ’ ಎಂದು ಠರಾವು ಆಯಿತು. ಆಮೇಲೆ ಯಾರೋ ಬುದ್ಧಿವಂತರು ಎದ್ದು, ನಿಜವಾದ ಅಧಿಕಾರಿ ಎಂದಾದರೂ ರಸೀದಿ ಕೊಟ್ಟದ್ದುಂಟೇ, ಆದ್ದರಿಂದ ಇವನು ನಕಲಿ ಅಧಿಕಾರಿ ಎಂದು ತರ್ಕಿಸಿದರು. ತರ್ಕ ಎಲ್ಲರಿಗೂ ಹಿಡಿಸಿತು. ನಕಲಿಯವನನ್ನು ಹಿಡಿಸಲು ಹೆದರಿಕೆಯಿಲ್ಲವಲ್ಲ! ಪೊಲೀಸ್ ಸಾಹೇಬರೊಬ್ಬರು ಶೆಟ್ಟರಲ್ಲಿ ದಿನಾ ಉಪ್ಪಿಟ್ಟು ತಿನ್ನುವವರು. ಅವರಿಗೆ ಸುದ್ದಿ ಹೋಯಿತು.

ಶುಕ್ರವಾರ ನಾಲ್ಕು ಗಂಟೆಗೆ ರಾಯರು ಏಳನೆಯ ಮೇಜಿಗೆ ಹೋಗಿ ಕಶ್ಯಪನ ಕೈಗೆ ಲಕೋಟೆ ಕೊಟ್ಟರು. ಕೊಟ್ಟ ಕ್ಷಣಕ್ಕೆ ಮೂರನೆಯ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಇಬ್ಬರು ಮಫ್ತಿ ಪೊಲೀಸರು ಎದ್ದು ಬಂದು ಅವನ ಎರಡು ರಟ್ಟೆ ಹಿಡಿದರು. ಬೀದಿಯಿಂದ ಬಳಗದ ಹನ್ನೆರಡು ಮಂದಿ ಮಾಲಕರು ನುಗ್ಗಿದರು. ಅವರ ಮುಂದೆ ಶೆಟ್ಟರು ಮತ್ತು ಉಪ್ಪಿಟ್ಟಿನ ಪೊಲೀಸ್ ಸಾಹೇಬರು, ಹಿಂದೆ ಜ್ಯೂಸಿನವನು, ಮಹಡಿ ಇಳಿದು ಓಡಿ ಬಂದ ವೇದಾವತಿ.

“ಕಾಯ್ ರೇ, ಕುಠಲ್ಯಾ ಡಿಪಾರ್ಟ್‌ಮೆಂಟಚಾ ತೂ?” ಯಾವ ಇಲಾಖೆಯವನೆಂದು ಮರಾಠಿಯಲ್ಲಿ ಕೇಳುತ್ತ ಸಾಹೇಬರು ಕೊರಳ ಕಾರ್ಡು ಜಗ್ಗಿ ನೋಡಿದರು. ಹೆಸರಿಲ್ಲ, ಬರೀ ನಂಬರು. ಅವರ ಮೀಸೆ ಸಂತೋಷದಿಂದ ಅರಳಿತು.

ಕಶ್ಯಪ ಬಾಯಿ ತೆರೆದು, ರಾಯರ ಮುಖ ನೋಡಿ, ಮುಚ್ಚಿಕೊಂಡ. “ಸಾಂಗೂ ಶಕತ್ ನಾಹೀ ಸಾಹೇಬ್,” ಎಂದ. ಹೇಳಲಾರೆನಂತೆ.

“ಹೇಳುದಿಲ್ವಂತೆ! ಸೊಕ್ಕು ನೋಡಿ!” ಹನ್ನೆರಡು ಬಾಯಿಗಳು ಒಟ್ಟಿಗೆ ಕೂಗಿದವು. “ಜಿಎಸ್‌ಟಿ ಬೇರೆ ಬೇಕಂತೆ ಇವನಿಗೆ!”

“ಇದೆಂತ ಅನ್ಯಾಯ! ಬಿಡಿ ಅವರನ್ನು!” ಎಂದು ರಾಯರು ಅರಚಿದರು.

“ಹೆದರ್ಬೇಡಿ ರಾಯ್ರೇ, ನಾವೆಲ್ಲ ಇದ್ದೇವೆ,” ಎಂದು ಶೆಟ್ಟರು ಅವರ ಭುಜ ತಟ್ಟಿದರು. “ಈ ನಕಲಿ ಆಫೀಸರು ಯಾರು ಅಂತ ಒಂದು ಮಾತು ಹೇಳಿ. ಸಾಹೇಬ್ರು ಬರ್ಕೊಳ್ತಾರೆ.”

ರಾಯರಿಗೆ ಆಗ ಎಲ್ಲ ತಿಳಿಯಿತು. ಹೇಳಿದರೆ ಜನವರಿಯ ವೇದಿಕೆಯಿಲ್ಲ, ಶಾಲಿಲ್ಲ, ನಾನೇ ಬರೆಯುತ್ತಿದ್ದೇನೆ ಎಂದ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಉಳಿದ ಆಯುಷ್ಯವಿಡೀ ಡೊಂಬಿವಲಿಯಿಂದ ಥಾಣೆಯವರೆಗೆ ಜನ ನಗುತ್ತಾರೆ. ಹೇಳದಿದ್ದರೆ ಈ ಹುಡುಗನನ್ನು ಕತ್ತಿನಪಟ್ಟಿ ಹಿಡಿದು ಜೀಪಿಗೆ ಹತ್ತಿಸುತ್ತಾರೆ. ಅವನು ಹತ್ತಿಯಾನು, ಬಾಯಿ ಬಿಡಲಿಕ್ಕಿಲ್ಲ. ಇಷ್ಟು ಹೊತ್ತಿನ ನೂಕಾಟದಲ್ಲಿ ಅವನು ಒಂದು ಕೈಯಲ್ಲಿ ಆ ನೋಟ್‌ಬುಕ್ಕನ್ನು ಎದೆಗೊತ್ತಿ ಹಿಡಿದುಕೊಂಡೇ ಇದ್ದ. ಅದರಲ್ಲಿ ಮುಂಬ್ರಾದ ನಾಲ್ಕು ವರ್ಷವಿತ್ತು, ಒಡೆದ ಬೆರಳುಗಳಿದ್ದವು, ಅಮ್ಮನಿಗೆ ಬರೆದ ಸುಳ್ಳಿತ್ತು.

ರಾಯರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಹೇಸಿಗೆಯಾಗುವಷ್ಟು ಬಂತು.

“ಅವರು ಆಫೀಸರಲ್ಲ!” ಎಂದು ಅವರು ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದರು. “ಅವರು ನನ್ನ ಪುಸ್ತಕ ಬರೆಯುವವರು! ದುಡ್ಡು ಕೊಟ್ಟು ಬರೆಸ್ತಾ ಇದ್ದೇನೆ ನಾನು. ನನಗೆ ಎರಡು ಸಾಲು ಬರೀಲಿಕ್ಕೆ ಬರುದಿಲ್ಲ. ಆಯ್ತಾ? ಬಿಡಿ ಅವರ ಕೈ!”

ಕಾವಲಿಯ ಮೇಲಿನ ದೋಸೆ ಸೀದು ಹೋಗುವ ವಾಸನೆ ಬಂದರೂ ಯಾರೂ ಅಲ್ಲಾಡಲಿಲ್ಲ. ಮೊದಲು ನಕ್ಕದ್ದು ಗುಣಪಾಲ ಶೆಟ್ಟರು. ಅವರ ಹೊಟ್ಟೆ ಕುಲುಕಿದ ಮೇಲೆ ಹನ್ನೆರಡು ಹೊಟ್ಟೆಗಳೂ ಕುಲುಕಿದವು.

“ಸ್ವಂತ ಜೀವನವನ್ನು ಬಾಡಿಗೆಗೆ ಬರೆಸುದಾ ರಾಯ್ರೇ? ನಾಚಿಕೆ ಆಗುದಿಲ್ವಾ? ನಾನು ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು, ಕಣ್ಣೀರು ಒರೆಸಿಕೊಳ್ತಾ, ಒಂದೊಂದು ಅಕ್ಷರ ಈ ಕೈಯಿಂದ ಬರೆದಿದ್ದೇನೆ! ಈ ಕೈಯಿಂದ!” ಅವರು ಕೈ ಎತ್ತಿ ತೋರಿಸಿದರು. ಐದು ಉಂಗುರಗಳಿದ್ದವು.

ಸಾಹೇಬರಿಗೆ ಪುರಾವೆ ಬೇಕಿತ್ತು. ರಾಯರು ಗಲ್ಲೆಗೆ ಹೋಗಿ, ದೇವರ ಪಟದ ಹಿಂದೆ ಅಡಗಿಸಿಟ್ಟಿದ್ದ ಮೊದಲ ಕಂತಿನ ರಸೀದಿಯನ್ನು ತಂದು ಮೇಜಿನ ಮೇಲೆ ಕುಕ್ಕಿದರು. “ಇಗೊಳ್ಳಿ. ಓದಿ. ಎಲ್ಲರೂ ಓದಿ.”

ಅದನ್ನು ಎತ್ತಿಕೊಂಡದ್ದು ಅಧ್ಯಕ್ಷರೇ. ಸಭೆಗೆ ವರದಿ ಓದುವ ಗತ್ತಿನಲ್ಲಿ, ನಗು ತಡೆಯುತ್ತ, ಅವರು ಶುರು ಮಾಡಿದರು. “ಅಂತರಂಗ ಸರ್ವಿಸಸ್, ವಾಶಿ...” ಅಲ್ಲಿಗೆ ಅವರ ದನಿ ಸ್ವಲ್ಪ ತಗ್ಗಿತು. “ಆತ್ಮಕಥೆ, ಕನ್ನಡ, ಪುಟ ಇನ್ನೂರನಲವತ್ತು. ಒಟ್ಟು ಎರಡು ಲಕ್ಷ ನಲವತ್ತು...” ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಸೀದಿಯನ್ನು ತಿರುಗಿಸಿ ನೋಡಿದರು. ಅವರ ಕತ್ತಿನಿಂದ ಕೆಂಪು ಮೇಲಕ್ಕೇರಿ ಕಿವಿಗೆ ಮುಟ್ಟಿತು. ಹೋಟೆಲಿನವನು ಏನನ್ನು ಬೇಕಾದರೂ ಸಹಿಸಿಯಾನು. ಪಕ್ಕದವನಿಗೆ ಕಡಿಮೆ ರೇಟಿನಲ್ಲಿ ಮಾಲು ಸಿಕ್ಕಿದ್ದನ್ನು ಸಹಿಸಲಾರ.

“ಎರಡು ನಲವತ್ತಾ?” ಎಂದು ಅವರು ಗುಡುಗಿದರು. “ಇನ್ನೂರನಲವತ್ತು ಪುಟಕ್ಕೆ ಎರಡು ನಲವತ್ತಾ? ಅಷ್ಟೇ ಪುಟಕ್ಕೆ ನನ್ನತ್ರ ಮೂರು ಅರುವತ್ತು ತಗೊಂಡಿದ್ದಾರಲ್ಲ! ಮೇಲಿಂದ ಜಿಎಸ್‌ಟಿ! ಕಳ್ಳರು! ಹಗಲು ದರೋಡೆ!”

ಹನ್ನೆರಡು ಹೊಟ್ಟೆಗಳು ಕುಲುಕುವುದನ್ನು ನಿಲ್ಲಿಸಿದವು. ಶೆಟ್ಟರಿಗೆ ತಾವು ಹೇಳಿದ್ದು ತಮ್ಮ ಕಿವಿಗೆ ಬೀಳಲು ತುಸು ಹೊತ್ತು ಹಿಡಿಯಿತು.

ಇಷ್ಟು ಹೊತ್ತು ಬಾಯಿ ಬಿಡದಿದ್ದ ಕಶ್ಯಪನ ಮುಖ ಈಗ ಅರಳಿತು. ಗಿರಾಕಿ ತಾನಾಗಿಯೇ ಊರ ಮುಂದೆ ಹೇಳಿಕೊಂಡ ಮೇಲೆ ಗುಟ್ಟಿನ ಕಲಮು ಎಲ್ಲಿ ಉಳಿಯಿತು? ಅದಲ್ಲದೆ ಸಂಸ್ಥೆಯನ್ನು ಕಳ್ಳರೆಂದು ಕರೆದರೆ ನಂಬಿಗಸ್ತ ನೌಕರನಾದವನು ಸುಮ್ಮನಿರಬಾರದು.

“ಓಹೋ, ಕಾರಿನ್ಯಾಗ ಕುಂತು ವಾಯ್ಸ್ ಮೆಸೇಜ್ ಕಳಸ್ತಿದ್ದ ಸರ್ ನೀವಽ ಏನ್ರೀ? ಈ ದನೀ ಮ್ಯಾಲೆ ಗುರ್ತ ಸಿಕ್ಕತ್ ನೋಡ್ರಿ ಈಗ!” ಎಂದು ಅವನು ಕೈಮುಗಿದ. “ಇಲ್ರೀ ಸರ, ನಿಮಗ ಮೋಸ ಆಗಿಲ್ಲ. ಪುಟದ ರೇಟು ಇಬ್ಬರಿಗೂ ಒಂದಽ ಐತಿ. ರಾಯರು ಕಷ್ಟ ತಾವಽ ತಂದಿದ್ರು. ನಿಮಗ ಅದನ್ನ ನಾವು ಹಾಕಿ ಕೊಟ್ಟೀವಲ್ರೀ, ಆ ನಲ್ಲಿ ಬುಡಕ ಕುಂತು ಕಪ್ಪುಬಸಿ ತೊಳಿಯೂದು? ಅದರ ಒಂದು ಲಕ್ಷ ಇಪ್ಪತ್ತು ಸಾವಿರ ಬ್ಯಾರೆ ಆತ್ರೀ.”

ಸಾಹೇಬರಿಗೆ ಕನ್ನಡ ಬಾರದು. ಜ್ಯೂಸಿನವನು ಮರಾಠಿಯಲ್ಲಿ ಅರ್ಥ ಹೇಳಿದ. ಸಾಹೇಬರು ಲಕೋಟೆಯನ್ನು ಕಶ್ಯಪನಿಗೆ ಹಿಂದಿರುಗಿಸಿ, ಟೋಪಿಯ ಮರೆಯಲ್ಲಿ ನಗುತ್ತ ಹೊರಗೆ ಹೋದರು. ಬಳಗದ ಹನ್ನೆರಡು ಮಂದಿ ಗೋಡೆಯ ಮೇಲಿನ ದರಪಟ್ಟಿಯನ್ನು ಮೊದಲ ಸಲ ಕಾಣುವವರಂತೆ ಓದತೊಡಗಿದರು. ವೇದಾವತಿಯವರು ಮಾತ್ರ ಮುಂದೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶೆಟ್ಟರ ಎದುರು ನಿಂತರು.

“ಹಾಗಾದ್ರೆ ಅವತ್ತು ನಾನು ಅತ್ತದ್ದು ಯಾರಿಗೆ ಶೆಟ್ರೇ?”

ಶೆಟ್ಟರು ಏಳನೆಯ ಮೇಜಿನಲ್ಲಿ, ಅಡುಗೆಮನೆಯ ಹೊಗೆಗೆ ಎದುರಾಗಿ, ಮೆಲ್ಲನೆ ಕೂತರು. ವೇದಾವತಿ ತಿರುಗಿ ಗಂಡನ ಬೆರಳುಗಳನ್ನು ನೋಡಿದರು. ನಲವತ್ತೈದು ವರ್ಷದ ಹಿಂದಿನ ಬಿರುಕುಗಳ ಗುರುತು ಅಲ್ಲಿ ಇನ್ನೂ ಇತ್ತು. ಈ ಸಲ ಅವರು ಕಣ್ಣೊರೆಸಿಕೊಳ್ಳಲಿಲ್ಲ. ಕಶ್ಯಪನ ಕಡೆ ನೋಡಿ, “ಆ ಪುಸ್ತಕ ಒಮ್ಮೆ ಕೊಡಿ, ಓದ್ತೇನೆ,” ಎಂದರು.

ಹೃಷೀಕೇಶ ರಾಯರು ಗಲ್ಲೆಗೆ ಹೋಗಿ ಕೂತರು. ಅಂಗಿಯ ಕಾಲರು ಸರಿಮಾಡಿಕೊಂಡು, ಮೂವತ್ತು ವರ್ಷದಿಂದ ಆರ್ಡರು ಕೂಗುವ ಅದೇ ದನಿಯಲ್ಲಿ ಕೂಗಿದರು:

“ಮಾಪಣ್ಣಾ, ಏಳನೇ ನಂಬರಿಗೆ ಶೆಟ್ರಿಗೆ ಒಂದು ಸ್ಪೆಷಲ್ ಚಾ! ಕುಡಿದಾದ ಮೇಲೆ ಕಪ್ಪುಬಸಿ ಎತ್ಬೇಡ, ಅಲ್ಲೇ ಬಿಡು. ತೊಳೆದು ಅಭ್ಯಾಸ ಉಂಟು ಅವರಿಗೆ.”